ಒಂದು ಮೆಂಬರ್‌ಶಿಪ್‌ಗೆ ಒಂದೇ ಕುರ್ಚಿ: ದಾವಣಗೆರೆಯ ಬಿಸಿನೆಸ್ ಕೂಟದಲ್ಲಿ ನನ್ನ ಒಂದು ವರ್ಷ

ಮೊದಲೇ ಹೇಳಿಬಿಡುತ್ತೇನೆ, ಊರಿನ ವ್ಯಾಪಾರಸ್ಥರು ಸೇರಿ ಒಬ್ಬರಿಗೊಬ್ಬರು ಗಿರಾಕಿ, ಅನುಭವ ಹಂಚಿಕೊಳ್ಳುವ ಈ ಕೂಟಕ್ಕೆ ಕಟ್ಟಿದ ದುಡ್ಡು ದಂಡ ಆಗಲಿಲ್ಲ. ಆದರೆ ನಮ್ಮ ಅಂಗಡಿಯಿಂದ ಕೂಟದ ಹಾಲ್‌ಗೆ ಹೋಗಿ ಕೂರಬೇಕಾಗಿದ್ದವರು ನಾನಲ್ಲ, ನಮ್ಮ ಲೆಕ್ಕ ನೋಡಿಕೊಳ್ಳುವ ಅಕ್ಕ. ಅದು ನನಗೆ ಅರ್ಥ ಆಗೋಕೆ ಏಳು ತಿಂಗಳು ಹಿಡಿಯಿತು. ಇಂಥ ಕೂಟಕ್ಕೆ ಸೇರಬೇಕು ಅಂತ ಯೋಚನೆ ಮಾಡುತ್ತಿರುವವರಿಗೆ ಆ ಏಳು ತಿಂಗಳು ಉಳಿಯಲಿ ಅಂತ ಬರೆಯುತ್ತಿದ್ದೇನೆ.

ನಮ್ಮದು ಪಂಪ್‌ಸೆಟ್, ಪೈಪು, ಡ್ರಿಪ್ ಸಾಮಾನಿನ ಹೋಲ್‌ಸೇಲ್ ಅಂಗಡಿ. ಅಪ್ಪನ ಕಾಲದ್ದು. ಚನ್ನಗಿರಿ ಕಡೆಯ ಅಡಿಕೆ ತೋಟದವರು, ಜಗಳೂರಿನ ಕಡೆ ಬೋರ್ ನಂಬಿಕೊಂಡು ಬದುಕುವವರು, ಹೊನ್ನಾಳಿ, ಹರಪನಹಳ್ಳಿಯ ಸಣ್ಣ ಅಂಗಡಿಗಳು, ಇವರೇ ನಮ್ಮ ಗಿರಾಕಿಗಳು. ಅರ್ಧಕ್ಕರ್ಧ ಉದ್ರಿ ವ್ಯಾಪಾರ. ವಹಿವಾಟು 5 ಕೋಟಿ ದಾಟಿದ್ದರಿಂದ 2023ರ ಆಗಸ್ಟ್ 1ರಿಂದ ನಮಗೂ ಇ-ಇನ್‌ವಾಯ್ಸ್, ಅಂದರೆ ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸಿ ತೆಗೆಯುವ ಬಿಲ್, ಕಡ್ಡಾಯ ಆಯಿತು. ಅಲ್ಲಿಂದ ಶುರುವಾಯಿತು ನೋಡಿ, ಪ್ರತಿ ಆರು ತಿಂಗಳಿಗೆ ಕಂಪ್ಯೂಟರ್‌ನಲ್ಲಿ ಏನೋ ಒಂದು ಹೊಸದು. ವ್ಯಾಪಾರ ಗೊತ್ತಿದ್ದರೆ ಸಾಲದು, ಇದೂ ಗೊತ್ತಿರಬೇಕು ಅನಿಸಿ 2025ರ ಜನವರಿಯಲ್ಲಿ ಸೇರಿಕೊಂಡೆ.

ಕೂಟದ ಹೆಸರು ಹಾಕುವುದಿಲ್ಲ. ಊರಿನಲ್ಲಿ ದಿನಾ ಎದುರಾಗುವ ಜನ, ಹೇಳಬೇಕಾದ ದೂರನ್ನು ಅವರಿಗೇ ಕೂತು ಹೇಳಿದ್ದೇನೆ. ಮತ್ತೆ ಇದೇ ಮಾದರಿಯ ಕೂಟಗಳು ಈಗ ಬೇರೆ ಊರುಗಳಲ್ಲೂ ಇವೆ, ಹಾಗಾಗಿ ಹೆಸರಿಗಿಂತ ಒಳಗೆ ಏನು ನಡೆಯುತ್ತದೆ ಅನ್ನೋದು ಮುಖ್ಯ.

ತಿಂಗಳಿಗೆ ಎರಡು ಶನಿವಾರ, ಬೆಳಗ್ಗೆ ಏಳೂವರೆಗೆ, ಹೈವೇ ಪಕ್ಕದ ಒಂದು ಹೋಟೆಲಿನ ಹಾಲ್‌ನಲ್ಲಿ ಸೇರುತ್ತೇವೆ. ವರ್ಷಕ್ಕೆ 18 ಸಾವಿರ, ಜಿಎಸ್‌ಟಿ ಬೇರೆ. ತಿಂಡಿಗೆ ಪ್ರತಿ ಸಲ 300 ರೂಪಾಯಿ. ಒಂದು ಮೆಂಬರ್‌ಶಿಪ್‌ಗೆ ಒಂದೇ ಕುರ್ಚಿ, ಅದೂ ಮಾಲೀಕರಿಗೆ ಮಾತ್ರ. ರೈಸ್ ಮಿಲ್‌ನವರು, ಬಟ್ಟೆ ಅಂಗಡಿಯವರು, ಮೆಕ್ಕೆಜೋಳದ ವ್ಯಾಪಾರಿಗಳು, ಮಂಡಕ್ಕಿ ಭಟ್ಟಿಯವರು, ಒಬ್ಬ ಡೆಂಟಲ್ ಡಾಕ್ಟರ್, ಇಬ್ಬರು ಬಿಲ್ಡರ್‌ಗಳು, ಎಲ್ಲ ಸೇರಿ 35-40 ಜನ. ಒಂದು ವಿಷಯಕ್ಕೆ ಮನಸಾರೆ ಮೆಚ್ಚುಗೆ ಹೇಳಬೇಕು: ಹೇಳಿದ ಹೊತ್ತಿಗೆ ಶುರು ಮಾಡುತ್ತಾರೆ, ಹೇಳಿದ ಹೊತ್ತಿಗೆ ಬಿಡುತ್ತಾರೆ. ಒಂಬತ್ತೂವರೆಗೆ ಅಂಗಡಿ ಬಾಗಿಲು ತೆಗೆಯಬೇಕಾದವನಿಗೆ ಅದು ದೊಡ್ಡ ವಿಷಯ.

ಮೊದಲ ಅರ್ಧ ಗಂಟೆ ಪರಿಚಯ. ಒಬ್ಬೊಬ್ಬರಿಗೂ ಒಂದು ನಿಮಿಷ. ಮೂರನೇ ಮೀಟಿಂಗ್ ಹೊತ್ತಿಗೆ ಯಾರು ಏನು ಹೇಳುತ್ತಾರೆ ಅಂತ ಎಲ್ಲರಿಗೂ ಬಾಯಿಪಾಠ ಆಗಿರುತ್ತದೆ. ಆಮೇಲೆ ಚೀಟಿ ಕೊಡುವುದು, ಅಂದರೆ ಈ ವಾರ ಯಾರಿಗೆ ಯಾವ ಗಿರಾಕಿಯನ್ನು ಕಳಿಸಿಕೊಟ್ಟಿರಿ ಅಂತ ಬರೆದು ಕೊಡಬೇಕು. ಇದು ನನಗೆ ಸರಿ ಬರಲಿಲ್ಲ. ಬಲವಂತಕ್ಕೆ ಬರೆದ ಚೀಟಿಯಲ್ಲಿ ಇರುವ ಗಿರಾಕಿ ಫೋನೇ ಎತ್ತುವುದಿಲ್ಲ. ಒಬ್ಬರ ಹೆಸರು ಇನ್ನೊಬ್ಬರಿಗೆ ಹೇಳುವುದು ಅಂದರೆ ನಮ್ಮ ಮಾತನ್ನೇ ಅಡ ಇಟ್ಟ ಹಾಗೆ, ಅದನ್ನು ಲೆಕ್ಕ ತುಂಬಿಸೋಕೆ ಅಂತ ಮಾಡಬಾರದು. ಕಳೆದ ವರ್ಷ ನಾನು ಕೊಟ್ಟಿದ್ದು ಒಟ್ಟು ನಾಲ್ಕೇ ಚೀಟಿ. ನಾಲ್ಕೂ ವ್ಯಾಪಾರ ಆಯಿತು.

ಆಮೇಲೆ ಮುಕ್ಕಾಲು ಗಂಟೆ ಭಾಷಣ. ವರ್ಷ ಪೂರ್ತಿ ಹೆಚ್ಚುಕಮ್ಮಿ ಎಲ್ಲ ಎಐ ಸುತ್ತಲೇ. ಬೆಂಗಳೂರಿನಿಂದ ಬಂದವರು ಒಳ್ಳೆಯವರು, ತಯಾರಿ ಮಾಡಿಕೊಂಡು ಬಂದವರು, ಆದರೆ ಅವರು ತೋರಿಸುವ ಉದಾಹರಣೆ ಎಲ್ಲ ಸಾವಿರಾರು ಜನ ಕೆಲಸ ಮಾಡುವ ಕಂಪನಿಗಳದ್ದು. ಕೆಲಸವನ್ನು ತಾನೇ ಹಂತ ಹಂತವಾಗಿ ಮಾಡಿ ಮುಗಿಸುವ ಎಐ ಏಜೆಂಟ್‌ಗಳ ಬಗ್ಗೆ ಒಬ್ಬರು ಚೆನ್ನಾಗಿ ವಿವರಿಸಿದರು. ಹಿಂದಿನ ಸಾಲಿನಲ್ಲಿದ್ದ ಮಿಲ್ಲಿನವರು ಎದ್ದು, "ಸರ್, ನಮ್ಮಲ್ಲಿ ಭತ್ತದ ಲಾರಿ ಬಂದಾಗ ತೇವಾಂಶ ಬರೆದುಕೊಳ್ಳೋದೇ ಇನ್ನೂ ನೋಟ್‌ಬುಕ್ಕಲ್ಲಿ, ನಾವು ಎಲ್ಲಿಂದ ಶುರು ಮಾಡೋದು?" ಅಂದರು. ಅವತ್ತಿನ ಇಡೀ ಮೀಟಿಂಗ್‌ನಲ್ಲಿ ಅದೇ ಸರಿಯಾದ ಪ್ರಶ್ನೆ. ಮೊದಲು ನೋಟ್‌ಬುಕ್ಕಿನದ್ದನ್ನು ಒಂದು ಶೀಟ್‌ಗೆ ಹಾಕಿ, ಆರು ತಿಂಗಳ ಲೆಕ್ಕ ಕೂಡಲಿ, ಆಮೇಲೆ ಎಐ ಮಾತು ಅಂತ ಅವರೂ ನೇರವಾಗಿ ಉತ್ತರ ಕೊಟ್ಟರು.

ನನಗೆ ನಿಜವಾಗಿ ಉಪಯೋಗಕ್ಕೆ ಬಂದ ಎಐ ಪಾಠ ಮಾಡಿದ್ದು ನಮ್ಮೂರಿನದೇ ಒಬ್ಬ ಹುಡುಗ. ಸ್ಲೈಡ್ ಇಲ್ಲ, ಏನಿಲ್ಲ. ಫೋನ್ ತೆಗೆದು ಕನ್ನಡದಲ್ಲೇ ಮಾತಾಡಿ ತೋರಿಸಿದ. ಬಾಕಿ ಕೇಳುವ ಪತ್ರ ಬರೆಸಿದ. ಮೊದಲು ಬಂದದ್ದು "ತಮ್ಮ ಆದ್ಯ ಗಮನಕ್ಕೆ ತರಬಯಸುತ್ತೇವೆ" ಅನ್ನುವ ಸರ್ಕಾರಿ ಕನ್ನಡ. ಹೊನ್ನಾಳಿಯ ಅಂಗಡಿಯವರಿಗೆ ಹಾಗೆ ಬರೆದರೆ ನೋಟಿಸ್ ಅಂದುಕೊಂಡು ಗಾಬರಿ ಆಗುತ್ತಾರೆ. "ಹತ್ತು ವರ್ಷದ ಪರಿಚಯ ಇರುವವರಿಗೆ ಮರ್ಯಾದೆಯಿಂದ, ಆಡುಮಾತಲ್ಲಿ ಬರಿ" ಅಂತ ಹೇಳಿದ ಮೇಲೆ ಸರಿಯಾಗಿ ಬಂತು. ಈಗ ನಮ್ಮ ಬಾಕಿ ಮೆಸೇಜುಗಳು ಹಾಗೇ ಹೋಗುತ್ತವೆ, ಹಬ್ಬದ ಮುಂಚೆ ಒಂದು ಥರ, ಅಡಿಕೆ ದುಡ್ಡು ಬರುವ ಹೊತ್ತಿಗೆ ಒಂದು ಥರ. ಮುಂಚೆ ವಾರಕ್ಕೆ ಎರಡು ದಿನ ಇದಕ್ಕೇ ಫೋನ್ ಹಿಡಿದು ಕೂರುತ್ತಿದ್ದೆ. ಆದರೆ ಒಂದು ಎಚ್ಚರಿಕೆ. 14 ಬಿಲ್ ಕೊಟ್ಟು ಮೊತ್ತ ಕೂಡಿಸು ಅಂದೆ, ತಪ್ಪು ಲೆಕ್ಕ ಕೊಟ್ಟಿತು. ಅದು ಮುಂದೆ ಯಾವ ಪದ ಬರಬಹುದು ಅಂತ ಅಂದಾಜು ಕಟ್ಟುತ್ತಾ ಹೋಗುವ ಯಂತ್ರ, ಕೂಡುವ ಯಂತ್ರ ಅಲ್ಲ ಅಂತ ಆ ಹುಡುಗ ಮೊದಲೇ ಹೇಳಿದ್ದ. ಪತ್ರಕ್ಕೆ ಎಐ, ಮೊತ್ತಕ್ಕೆ ಲೆಕ್ಕದ ಸಾಫ್ಟ್‌ವೇರ್. ಮತ್ತೆ ಗಿರಾಕಿಗಳ ಹೆಸರು, ಫೋನ್ ನಂಬರ್ ಅದಕ್ಕೆ ಕೊಡಬೇಡಿ, ಆ ಜಾಗ ಖಾಲಿ ಬಿಟ್ಟು ಬರೆಸಿ.

ಈಗ ಕುರ್ಚಿ ವಿಷಯ.

ಇ-ವೇ ಬಿಲ್ (ಮಾಲು ಸಾಗಿಸುವಾಗ ಜೊತೆಗಿರಬೇಕಾದ ಆನ್‌ಲೈನ್ ಚೀಟಿ) ಮತ್ತು ಇ-ಇನ್‌ವಾಯ್ಸ್ ಪೋರ್ಟಲ್‌ಗೆ ಲಾಗಿನ್ ಆಗಬೇಕಾದರೆ ಪಾಸ್‌ವರ್ಡ್ ಜೊತೆಗೆ ಒಟಿಪಿ ಕೂಡ ಬೇಕು ಅಂತ 2025ರಲ್ಲಿ ಕಡ್ಡಾಯ ಆಯಿತು. ನಮ್ಮಷ್ಟು ವಹಿವಾಟಿನವರಿಗೆ ಫೆಬ್ರವರಿ 1ರಿಂದ, ನಮಗಿಂತ ಸಣ್ಣ ವಹಿವಾಟಿನ ಎಲ್ಲರಿಗೂ ಏಪ್ರಿಲ್ 1ರಿಂದ. ಒಟಿಪಿ ಬರುವುದು ನನ್ನ ಮೊಬೈಲ್‌ಗೆ. ಮೇ ತಿಂಗಳಲ್ಲಿ ನೆಂಟರ ಮದುವೆಗೆ ಹರಪನಹಳ್ಳಿ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಅಲ್ಲಿ ಸಿಗ್ನಲ್ ಇಲ್ಲ. ಇತ್ತ ಅಂಗಡಿ ಮುಂದೆ ಪೈಪು ತುಂಬಿದ ಲಾರಿ ನಿಂತಿದೆ, 50 ಸಾವಿರ ದಾಟಿದ ಮಾಲು, ಇ-ವೇ ಬಿಲ್ ಇಲ್ಲದೆ ಹೊರಡುವ ಹಾಗಿಲ್ಲ. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಲಾರಿ ಬಿಸಿಲಲ್ಲಿ ನಿಂತಿತ್ತು. ಡ್ರೈವರ್ ಕಾಯುವ ಬಾಡಿಗೆ ಕೇಳಿದ, ಕೊಟ್ಟೆವು. ಸಂಜೆ ಬಂದಾಗ ನಮ್ಮ ಅಕ್ಕ ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದರು. ಹನ್ನೊಂದು ವರ್ಷದಿಂದ ನಮ್ಮ ಲೆಕ್ಕ ನೋಡುತ್ತಿರುವವರು, ಒಂದು ದಿನ ಕೂಡ ಒಂದು ರೂಪಾಯಿ ಆಚೀಚೆ ಆಗಿಲ್ಲ. ತಪ್ಪು ಅವರದಲ್ಲ, ವ್ಯವಸ್ಥೆ ಮಾಡದೇ ಇದ್ದದ್ದು ನನ್ನದು.

ಮುಂದಿನ ಶನಿವಾರ ಇದನ್ನು ಹಾಲ್‌ನಲ್ಲಿ ಹೇಳಿದೆ. ಕೊನೆಯ ಅರ್ಧ ಗಂಟೆಗೆ ಅವರು "ನನ್ನ ಸಮಸ್ಯೆ" ಅಂತ ಕರೆಯುತ್ತಾರೆ, ಯಾರು ಬೇಕಾದರೂ ಎದ್ದು ಕೇಳಬಹುದು. ಅಲ್ಲಿ ಹತ್ತು ಜನ ಮಾಲೀಕರು ತಮಗೂ ಹೀಗೇ ಆಗಿದೆ ಅಂದರು. ಪರಿಹಾರ ಮಾತ್ರ ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ನಮ್ಮಲ್ಲಿ ಯಾರೂ ಆ ಪೋರ್ಟಲ್ ಮುಂದೆ ಕೂರುವವರಲ್ಲ. ಕೂರುವವರು ಆ ಹಾಲ್‌ನಲ್ಲೇ ಇರಲಿಲ್ಲ. ನನಗೆ ಅವತ್ತು ಇದು ಚುರುಕ್ ಅಂತ ತಾಗಿತು.

ಕೂಟದವರನ್ನು ಕೇಳಿದೆ, ನಮ್ಮ ಅಕ್ಕನನ್ನು ಒಂದು ಸಲ ಕರೆದುಕೊಂಡು ಬರಲಾ ಅಂತ. ಇದು ಮಾಲೀಕರ ವೇದಿಕೆ, ಸ್ಟಾಫ್ ಬಂದರೆ ಜನ ಮನಸ್ಸು ಬಿಚ್ಚಿ ಮಾತಾಡಲ್ಲ ಅಂದರು. ಎರಡು ತಿಂಗಳು ಬಿಡದೆ ಕೇಳಿದೆ. ಕೊನೆಗೆ ಗೆಸ್ಟ್ ಅಂತ 600 ರೂಪಾಯಿ ಕಟ್ಟಿಸಿಕೊಂಡು ಜುಲೈನಲ್ಲಿ ಒಪ್ಪಿದರು.

ಅಕ್ಕ ಬರುವಾಗ ಹಿಂದಿನ ರಾತ್ರಿಯೇ ಒಂದು ಚೀಟಿಯಲ್ಲಿ ಪ್ರಶ್ನೆ ಬರೆದುಕೊಂಡಿದ್ದರು. ಅವತ್ತು ಮಾತಾಡಲು ಬಂದಿದ್ದ ಟ್ಯಾಕ್ಸ್ ಪ್ರಾಕ್ಟೀಷನರ್‌ಗೆ ಮೊದಲ ಪ್ರಶ್ನೆ ಒಟಿಪಿ ಬಗ್ಗೆ. ಉತ್ತರ ಎರಡು ನಿಮಿಷದ್ದು. ಮಾಲೀಕರ ಲಾಗಿನ್ ಒಳಗೆ ಸಬ್-ಯೂಸರ್ ಮಾಡಿಕೊಡಬಹುದು, ಅವರಿಗೆ ಬೇರೆ ಪಾಸ್‌ವರ್ಡ್, ಒಟಿಪಿ ಅವರದೇ ಮೊಬೈಲ್‌ಗೆ ಬರುತ್ತದೆ, ಯಾವ ಕೆಲಸ ಮಾಡಬಹುದು ಅಂತ ಮಿತಿಯನ್ನೂ ಹಾಕಬಹುದು. ಇನ್ನೊಂದು ದಾರಿ, ಎನ್‌ಐಸಿ-ಜಿಎಸ್‌ಟಿ-ಶೀಲ್ಡ್ ಅನ್ನುವ ಆ್ಯಪ್. ಅದು ನೆಟ್‌ವರ್ಕ್ ಇಲ್ಲದಿದ್ದರೂ ಫೋನ್ ಒಳಗೇ ಒಟಿಪಿ ತೋರಿಸುತ್ತದೆ. ಅವತ್ತೇ ಮಧ್ಯಾಹ್ನ ಅಂಗಡಿಗೆ ಬಂದು ಅಕ್ಕನ ಹೆಸರಲ್ಲಿ ಸಬ್-ಯೂಸರ್ ಮಾಡಿದೆವು. ಆಮೇಲೆ ಇದೇ ಕಾರಣಕ್ಕೆ ಒಂದು ಲಾರಿಯೂ ನಿಂತಿಲ್ಲ.

ಅಕ್ಕನ ಎರಡನೇ ಪ್ರಶ್ನೆ ಕೇಳಿ ಇಡೀ ಹಾಲ್ ಪೆನ್ ತೆಗೆಯಿತು. ಸಣ್ಣ ಮತ್ತು ಅತಿ ಸಣ್ಣ ಕೈಗಾರಿಕೆಯವರಿಂದ ಮಾಲು ತಂದರೆ ಕಾನೂನಿನ ಅವಧಿಯೊಳಗೆ ದುಡ್ಡು ಕೊಡಬೇಕು, ಬರವಣಿಗೆಯಲ್ಲಿ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನ. ಅವಧಿ ಮೀರಿ ಬಾಕಿ ಉಳಿಸಿಕೊಂಡರೆ ಆ ವರ್ಷದ ಖರ್ಚಿನಲ್ಲಿ ತೋರಿಸುವ ಹಾಗಿಲ್ಲ, ದುಡ್ಡು ಕೊಟ್ಟ ವರ್ಷವೇ ತೋರಿಸಬೇಕು. 2023-24ರ ಲೆಕ್ಕದಿಂದ ಇದು ಇದೆ, ಮಾಲೀಕರು ಕೇಳಿರುತ್ತಾರೆ. ಆದರೆ ಅಕ್ಕ ಕೇಳಿದ್ದು: "ನಮಗೆ ಮಾಲು ಕೊಡೋ ಅರವತ್ತು ಜನದಲ್ಲಿ ಯಾರು ಆ ಪಟ್ಟಿಗೆ ಬರುತ್ತಾರೆ ಅಂತ ನಾನು ಹೇಗೆ ಗುರುತು ಮಾಡಲಿ ಸರ್?" ಎಲ್ಲರಿಂದ ಉದ್ಯಮ್ ಸರ್ಟಿಫಿಕೇಟ್ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ನೋಂದಾಯಿಸಿದ ಪತ್ರ) ತರಿಸಿಕೊಳ್ಳಿ, ಅದರಲ್ಲಿ ತಯಾರಕರೋ ವ್ಯಾಪಾರಿಯೋ ನೋಡಿ, ಯಾಕೆಂದರೆ ಬರೀ ವ್ಯಾಪಾರ ಮಾಡುವವರಿಗೆ ಈ ರಕ್ಷಣೆ ಇಲ್ಲ, ಆಮೇಲೆ ಲೆಡ್ಜರ್‌ನಲ್ಲೇ ಗುರುತು ಹಾಕಿ ಅಂತ ಅವರು ಬಿಡಿಸಿ ಹೇಳಿದರು. ಏಳು ತಿಂಗಳಲ್ಲಿ ನಾನು ಕೇಳಿದ ಯಾವ ಪ್ರಶ್ನೆಯೂ ಇಷ್ಟು ಕೆಲಸಕ್ಕೆ ಬಂದಿರಲಿಲ್ಲ. ಸ್ಟಾಫ್ ಇದ್ದರೆ ಮಾತು ಬಿಚ್ಚಲ್ಲ ಅಂದಿದ್ದರಲ್ಲ, ಅವತ್ತು ಮೀಟಿಂಗ್ ಮುಗಿದ ಮೇಲೆ ಐದು ಜನ ಮಾಲೀಕರು ಅಕ್ಕನ ಸುತ್ತ ನಿಂತಿದ್ದರು.

ಇನ್ನು ಬ್ಯಾಕಪ್ ಕಥೆ. ಸೆಪ್ಟೆಂಬರ್‌ನಲ್ಲಿ ಒಬ್ಬ ಮೆಂಬರ್ ಎದ್ದು ನಿಂತು, ಕಷ್ಟಪಟ್ಟು ಹೇಳಿದರು. ಅವರ ಕಂಪ್ಯೂಟರ್‌ನಲ್ಲಿ ಒಂದು ಬೆಳಗ್ಗೆ ಯಾವ ಫೈಲೂ ತೆರೆಯಲಿಲ್ಲ, ದುಡ್ಡು ಕೊಟ್ಟರೆ ಬೀಗ ತೆಗೆಯುತ್ತೇವೆ ಅನ್ನುವ ಒಂದು ಚೀಟಿ ಮಾತ್ರ ಪರದೆ ಮೇಲೆ. ರ್‍ಯಾನ್ಸಮ್‌ವೇರ್. ಬ್ಯಾಕಪ್ ಇತ್ತು, ಆದರೆ ಆ ಪೆನ್‌ಡ್ರೈವ್ ವರ್ಷಾನುಗಟ್ಟಲೆ ಅದೇ ಕಂಪ್ಯೂಟರ್‌ಗೆ ಚುಚ್ಚಿಕೊಂಡೇ ಇತ್ತು, ಅದಕ್ಕೂ ಬೀಗ ಬಿದ್ದಿತ್ತು. ಮೂರು ವರ್ಷದ ಲೆಕ್ಕ ಕಾಗದದ ಬಿಲ್ಲು ನೋಡಿಕೊಂಡು ಮತ್ತೆ ಟೈಪ್ ಮಾಡಿಸಿದರಂತೆ. ಊರಿನ ಮುಂದೆ ಇಂಥದ್ದನ್ನು ಹೇಳಿಕೊಳ್ಳೋಕೆ ಧೈರ್ಯ ಬೇಕು. ಗಿರಾಕಿಗಳಿಗೆ ಗೊತ್ತಾದರೆ ಏನಂದುಕೊಳ್ಳುತ್ತಾರೋ ಅನ್ನುವ ಹೆದರಿಕೆ ಎಲ್ಲರಿಗೂ ಇರುತ್ತದೆ. ಅವರಿಗೆ ನಾನು ಯಾವತ್ತೂ ಋಣಿ.

ಮಾರನೇ ಸೋಮವಾರ ಅಕ್ಕನಿಗೆ ಹೇಳಿದೆ, ನಮ್ಮ ಬ್ಯಾಕಪ್ ಇನ್ನೊಂದು ಕಂಪ್ಯೂಟರ್‌ಗೆ ಹಾಕಿ ತೆಗೆದು ನೋಡೋಣ ಅಂತ. ತೆಗೆದು ನೋಡಿದರೆ, ಕೊನೆಯ ತಾರೀಕು ಎಂಟು ತಿಂಗಳು ಹಿಂದಿನದು. ಡ್ರೈವ್ ತುಂಬಿಹೋಗಿತ್ತು, ಅಲ್ಲಿಂದಾಚೆ ಏನೂ ಸೇರಿರಲಿಲ್ಲ. ನನ್ನ ಎದೆ ಧಸಕ್ಕೆಂದಿತು. ಈಗ ನಮ್ಮ ಪದ್ಧತಿ ಬೇರೆ. ಲೆಕ್ಕದ ಮೂರು ಪ್ರತಿ, ಎರಡು ಬೇರೆ ಬೇರೆ ಥರದ ಜಾಗದಲ್ಲಿ, ಅದರಲ್ಲಿ ಒಂದು ಅಂಗಡಿಯಿಂದ ಆಚೆ. ಎರಡು ಡ್ರೈವ್ ಇಟ್ಟಿದ್ದೇವೆ, ಸೋಮವಾರ ಒಂದು, ಗುರುವಾರ ಒಂದು, ಕೆಲಸ ಮುಗಿದ ಕೂಡಲೇ ಕಿತ್ತು ತೆಗೆಯುವುದು, ಒಂದು ನನ್ನ ಜೊತೆ ಮನೆಗೆ ಬರುತ್ತದೆ. ಕ್ಲೌಡ್‌ನಲ್ಲಿ ಇನ್ನೊಂದು ಪ್ರತಿ. ತಿಂಗಳಿಗೊಮ್ಮೆ ತೆಗೆದು ನೋಡುತ್ತೇವೆ. ಬಿಲ್ಲಿಂಗ್ ಕಂಪ್ಯೂಟರ್ ಇನ್ನೂ ವಿಂಡೋಸ್ 10ರಲ್ಲಿತ್ತು, ಅದಕ್ಕೆ ಮೈಕ್ರೋಸಾಫ್ಟ್‌ನ ಉಚಿತ ಸುರಕ್ಷತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು, ಆ ವಾರವೇ ಕಂಪ್ಯೂಟರ್ ಬದಲಾಯಿಸಿದೆ. ಟ್ರಾಫಿಕ್ ಚಲನ್ ಅಂತ ವಾಟ್ಸ್‌ಆ್ಯಪ್‌ಗೆ ಬರುವ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್) ಒತ್ತಬೇಡಿ, ದುಡ್ಡು ಹೋದರೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅನ್ನುವ ಹಾಳೆ ಈಗ ನಮ್ಮ ಗಲ್ಲಾಪೆಟ್ಟಿಗೆ ಪಕ್ಕ ಅಂಟಿಸಿದೆ.

ಲಿಂಕ್ಡ್‌ಇನ್ ಬಗ್ಗೆಯೂ ಎರಡು ಶನಿವಾರ ಕಳೆದರು. ಹೇಳಿಕೊಟ್ಟವರು ಫಾಲೋವರ್ ಜಾಸ್ತಿ ಮಾಡೋದು, ದಿನಾ ಪೋಸ್ಟ್ ಹಾಕೋದು, ಫೋಟೊ ಹೇಗಿರಬೇಕು, ಇದರಲ್ಲೇ ಮುಗಿಸಿದರು. ಹೊನ್ನಾಳಿಯ ಗಿರಾಕಿ ನನ್ನನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕುವುದಿಲ್ಲ, ಊರಿನ ವ್ಯವಹಾರಕ್ಕೆ ವಾಟ್ಸ್‌ಆ್ಯಪ್ ಸಾಕು. ಆದರೆ ಊರಿಂದಾಚೆ ಅದರ ಬೆಲೆಯೇ ಬೇರೆ. ಪಂಪ್ ಅಂದರೆ ಕೊಯಮತ್ತೂರು, ರಾಜಕೋಟ್. ಅಲ್ಲಿಯ ಕಾರ್ಖಾನೆಯ ಸೇಲ್ಸ್ ಮುಖ್ಯಸ್ಥರು ನಮ್ಮ ಕೈಗೆ ಸಿಗುವುದೇ ಇಲ್ಲ, ನಡುವೆ ಇಬ್ಬರು ಏಜೆಂಟರು ಇರುತ್ತಾರೆ. ನಾನು ಪ್ರೊಫೈಲ್‌ನಲ್ಲಿ ಸುಮ್ನೆ ದೊಡ್ಡ ಪದ ಹಾಕದೆ, ಯಾವ ತಾಲ್ಲೂಕಿಗೆ ಎಷ್ಟು ಆಳದ ಬೋರ್‌ಗೆ ಯಾವ ಮೋಟರ್ ಮಾರುತ್ತೇವೆ ಅಂತ ನಾಲ್ಕು ಸಾಲು ಬರೆದೆ. ಕೊಯಮತ್ತೂರಿನ ಒಬ್ಬರಿಗೆ ಕನೆಕ್ಷನ್ ಕಳಿಸುವಾಗ ಅವರ ಮೋಟರ್‌ನ ಒಂದು ಬಿಡಿಭಾಗ ನಮ್ಮ ಕಡೆ ಉಪ್ಪು ನೀರಿಗೆ ಬೇಗ ಸವೆಯುತ್ತದೆ ಅಂತ ಫೋಟೊ ಸಮೇತ ಬರೆದೆ. ಎರಡು ದಿನಕ್ಕೆ ಉತ್ತರ ಬಂತು. ಈಗ ಆ ಭಾಗ ನೇರವಾಗಿ ತರಿಸುತ್ತೇವೆ. ನಾವು ಕೊಡುವ ಮಾಹಿತಿ ಅವರಿಗೂ ಬೇಕು, ಅದಕ್ಕೇ ಆ ಪರಿಚಯ ನಿಂತಿದೆ.

ಕೂಟದಲ್ಲಿ ನನಗೆ ಕೊರತೆ ಅನಿಸಿದ್ದು ಇನ್ನೂ ಇದೆ. 40 ಜನರಲ್ಲಿ ಹೆಣ್ಣುಮಕ್ಕಳು ಇಬ್ಬರೇ. ನಮ್ಮೂರಲ್ಲಿ 1951ರಿಂದ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜು ಇದೆ, 1979ರಿಂದ ಬಾಪೂಜಿ ಇಂಜಿನಿಯರಿಂಗ್ ಕಾಲೇಜು ಇದೆ, ಕೇಂದ್ರ ಸರ್ಕಾರದ ಸಾಫ್ಟ್‌ವೇರ್ ಪಾರ್ಕ್ ಸಂಸ್ಥೆ ಎಸ್‌ಟಿಪಿಐನ ಕೇಂದ್ರವೂ ಬಂದಿದೆ, ಆದರೂ ವರ್ಷದಲ್ಲಿ ಒಂದು ಸಲವೂ ಅಲ್ಲಿಂದ ಯಾರನ್ನೂ ಕರೆಯಲಿಲ್ಲ. ಭಾಷಣಕ್ಕೆ 260 ಕಿಲೋಮೀಟರ್ ದೂರದಿಂದಲೇ ಜನ ಬರಬೇಕಾ? ಆಮೇಲೆ ಒಂದು ಮುಖ್ಯ ವಿಷಯ ಐದೇ ನಿಮಿಷದಲ್ಲಿ ಹಾರಿಸಿಬಿಟ್ಟರು. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ 2023ರಲ್ಲಿ ಬಂತು, ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಹೊಣೆಗಳು ಹಂತ ಹಂತವಾಗಿ ಜಾರಿಗೆ ಬರುತ್ತವೆ. ಡ್ರಿಪ್ ಸಬ್ಸಿಡಿಗೆ ಅಂತ ರೈತರು ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ಫೋಟೊ ನಮ್ಮ ಹುಡುಗರ ವಾಟ್ಸ್‌ಆ್ಯಪ್‌ಗೆ ಕಳಿಸುತ್ತಾರೆ. ನಂಬಿ ಕಳಿಸುತ್ತಾರೆ. ಕೆಲಸ ಬಿಟ್ಟು ಹೋದ ಹುಡುಗನ ಫೋನಲ್ಲಿ ಇವತ್ತಿಗೂ ನೂರಾರು ಜನರ ಆಧಾರ್ ಇರಬಹುದು. ಇದು ನನ್ನ ನಿದ್ದೆ ಕೆಡಿಸಿದ ವಿಷಯ. ಈಗ ಅಂಗಡಿಗೇ ಒಂದು ಫೋನ್ ಇಟ್ಟಿದ್ದೇವೆ, ಅದಕ್ಕೆ ಮಾತ್ರ ಕಳಿಸಬೇಕು, ಅರ್ಜಿ ಮಂಜೂರಾದ ಮೇಲೆ ಅಳಿಸಬೇಕು. ಇದರ ಮೇಲೆ ಒಂದು ಪೂರ್ತಿ ಶನಿವಾರ ಇಡಿ ಅಂತ ಬರೆದು ಕೊಟ್ಟಿದ್ದೇನೆ.

ತಿಂಡಿ ಪರವಾಗಿಲ್ಲ. ಗಾಡಿ ನಿಲ್ಲಿಸೋಕೆ ಜಾಗ ಧಾರಾಳ.

ನೀವು ಸೇರುವುದಾದರೆ ಮೊದಲು ಗೆಸ್ಟ್ ಆಗಿ ಎರಡು ಸಲ ಹೋಗಿ, ಕೊನೆಯ ಅರ್ಧ ಗಂಟೆಯ "ನನ್ನ ಸಮಸ್ಯೆ" ಹೇಗೆ ನಡೆಯುತ್ತದೆ ಅಂತ ನೋಡಿ. ಅಲ್ಲಿ ಜನ ತಮ್ಮ ನಷ್ಟದ ಮಾತು ಆಡುತ್ತಿದ್ದರೆ ದುಡ್ಡು ಕಟ್ಟಿ. ಬರೀ ಲಾಭದ ಮಾತೇ ಆದರೆ ಬೇಡ. ಅಂಗಡಿಯ ಕಂಪ್ಯೂಟರ್ ಮುಂದೆ ಕೂರುವವರನ್ನು ಕರೆತರೋಕೆ ಬಿಡುತ್ತಾರಾ ಅಂತ ಮೊದಲೇ ಕೇಳಿ. ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ.

ನವೀಕರಣದ ಫಾರ್ಮ್ ಬಂದಾಗ ನಾನು ಒಂದು ಷರತ್ತು ಹಾಕಿದೆ, ತಿಂಗಳಿನ ಎರಡು ಶನಿವಾರದಲ್ಲಿ ಒಂದಕ್ಕೆ ಎಲ್ಲ ಮೆಂಬರ್‌ಗಳೂ ತಮ್ಮ ಲೆಕ್ಕದವರನ್ನು ಗೆಸ್ಟ್ ಫೀಸ್ ಇಲ್ಲದೆ ಕರೆತರಬಹುದು ಅಂತ ಮಾಡಿ. ಮಿಲ್ಲಿನವರೂ ಬಟ್ಟೆ ಅಂಗಡಿಯವರೂ ಜೊತೆಗೆ ಸಹಿ ಹಾಕಿದರು. ಮೂರು ತಿಂಗಳಿಗೊಮ್ಮೆ ನೋಡೋಣ ಅಂದಿದ್ದಾರೆ. ಮೊದಲನೆಯದು ಬರುವ ತಿಂಗಳು. ಅಕ್ಕ ಆಗಲೇ ಚೀಟಿ ಬರೆಯೋಕೆ ಶುರು ಮಾಡಿದ್ದಾರೆ, ಮೊನ್ನೆ ನೋಡಿದಾಗ ಆರು ಪ್ರಶ್ನೆ ಆಗಿತ್ತು.